ಊಟ ಬಿಟ್ಟರೆ ಕ್ಯಾನ್ಸರ್ ಗಡ್ಡೆ ಒಣಗುತ್ತದೆಯೇ?

ಜೀವಿಗಳಲ್ಲಿ ಉಸಿರಾಟ ಎಂಬ ಪಾಠವನ್ನು ನಾವೆಲ್ಲ ಓದಿದ್ದೇವೆ. ನಾನು ಅದನ್ನು ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದೆ. ಈ ವರ್ಷ ಆ ಪಾಠ ನಮ್ಮ ಮನೆಗೇ ಬಂತು.

ನಮ್ಮಜ್ಜಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಪುಸ್ತಕದಲ್ಲಿ ಇದನ್ನು ಅರ್ಬುದ ರೋಗ ಅನ್ನುತ್ತಾರೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಯೂ ಇದೆ. ಬೆಂಗಳೂರಿನಲ್ಲಿ ಆಪರೇಷನ್ನಿಗೆ ಮೊದಲು ಪೆಟ್ ಸ್ಕ್ಯಾನ್ ಮಾಡಿದರು. ಅವತ್ತು ಬೆಳಿಗ್ಗೆಯಿಂದ ಏನೂ ತಿನ್ನಬಾರದು ಅಂದರಂತೆ. ಜೊತೆಗೆ ಹೋಗಿದ್ದ ನೆಂಟರೊಬ್ಬರು ಊರಿಗೆ ಬಂದು, "ಗಡ್ಡೆ ಸಕ್ಕರೆ ತಿಂದೇ ಬೆಳೆಯೋದಂತೆ. ಊಟ ಕಡಿಮೆ ಮಾಡಿದ್ರೆ ಅದೇ ಒಣಗಿ ಹೋಗುತ್ತೆ" ಅಂದರು. ಅವತ್ತಿನಿಂದ ಅಜ್ಜಿಗೆ ಮುದ್ದೆ ಇಲ್ಲ, ಅನ್ನ ಇಲ್ಲ, ಹಾಲೂ ಇಲ್ಲ. ಎರಡು ಹೊತ್ತು ಸೊಪ್ಪಿನ ರಸ, ಅಷ್ಟೇ. ನ್ಯಾಯಬೆಲೆ ಅಂಗಡಿಯ ತಕ್ಕಡಿಯಲ್ಲಿ 51 ಕೆ.ಜಿ. ತೂಗುತ್ತಿದ್ದವರು 44ಕ್ಕೆ ಇಳಿದರು. ಎರಡನೇ ಕೀಮೋಗೆ ಹೋದಾಗ ಡಾಕ್ಟರು ತೂಕ ನೋಡಿ ಔಷಧಿ ಹಾಕದೆ ವಾಪಸ್ ಕಳಿಸಿದರು.

ಇನ್ನೊಂದು ತಪ್ಪೂ ಆಗಿತ್ತು. ಊಟ ಬಿಟ್ಟರೂ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಅಜ್ಜಿ ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ಮೈಯೆಲ್ಲ ಬೆವತು ಜಗುಲಿಯ ಮೇಲೆ ಕುಸಿದರು. ಉಪಕೇಂದ್ರದ ಸಿಸ್ಟರು ಓಡಿ ಬಂದು ಬೆರಳು ಚುಚ್ಚಿ ನೋಡಿದರೆ 54 ಇತ್ತು. 70ಕ್ಕಿಂತ ಕಡಿಮೆ ಆಗಬಾರದು. ಆಗ ಅಜ್ಜಿಗೆ ಕುಡಿಸಿದ್ದು ಸಕ್ಕರೆ ನೀರನ್ನೇ!

ಮಾರನೇ ದಿನ ನಾನು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ನೆಂಟರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ ಅಂತ ಅವರು ವಿವರಿಸಿದರು.

ಜೋರಾಗಿ ಓಡಿದಾಗ ನಮ್ಮ ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಗ್ಲೂಕೋಸ್ ಅರ್ಧಂಬರ್ಧ ಒಡೆದು ಲ್ಯಾಕ್ಟಿಕ್ ಆಮ್ಲ ಆಗುತ್ತದೆ ಅಂತ ಪಾಠದಲ್ಲಿ ಇದೆಯಲ್ಲ. ಮೊಸರಿನ ಹುಳಿಗೂ ಅದೇ ಆಮ್ಲ ಕಾರಣ. 1920ರ ದಶಕದಲ್ಲಿ ಜರ್ಮನಿಯ ಆಟೋ ವಾರ್‌ಬರ್ಗ್ ಎಂಬ ವಿಜ್ಞಾನಿ ಕ್ಯಾನ್ಸರ್ ಗಡ್ಡೆಯ ತೆಳು ಚೂರುಗಳನ್ನು ಪರೀಕ್ಷೆ ಮಾಡಿದರು. ಆಮ್ಲಜನಕ ಬೇಕಾದಷ್ಟು ಇದ್ದರೂ ಆ ಜೀವಕೋಶಗಳು ಗ್ಲೂಕೋಸನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತಿದ್ದವು! ಈ ದಾರಿಯಲ್ಲಿ ಸಿಗುವ ಶಕ್ತಿ ತುಂಬಾ ಕಡಿಮೆ. ಅದಕ್ಕೇ ಅವು ಬಾಚಿ ಬಾಚಿ ಗ್ಲೂಕೋಸ್ ಎಳೆದುಕೊಳ್ಳುತ್ತವೆ. ವಾರ್‌ಬರ್ಗ್ ಅವರಿಗೆ 1931ರಲ್ಲಿ ನೊಬೆಲ್ ಬಹುಮಾನ ಬಂತು. ಆದರೆ ಅದು ಬಂದದ್ದು ಉಸಿರಾಟದ ಕಿಣ್ವದ ಸಂಶೋಧನೆಗೆ, ಇದಕ್ಕಲ್ಲ.

ಪೆಟ್ ಸ್ಕ್ಯಾನ್ ನಡೆಯುವುದೂ ಈ ಗುಣದಿಂದಲೇ. ವಿಕಿರಣ ಬೀರುವ ಫ್ಲೋರಿನ್ ಸೇರಿಸಿದ ಗ್ಲೂಕೋಸಿನಂಥ ವಸ್ತುವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಗಡ್ಡೆ ಅದನ್ನು ಹೆಚ್ಚು ಎಳೆದುಕೊಂಡು ಚಿತ್ರದಲ್ಲಿ ಹೊಳೆಯುತ್ತದೆ. ಚಿತ್ರ ಸರಿಯಾಗಿ ಬರಲಿ ಅಂತ ಅವತ್ತು ಮಾತ್ರ ಉಪವಾಸ ಇರಿಸುತ್ತಾರೆ. ಅದು ಚಿಕಿತ್ಸೆ ಅಲ್ಲ. ಇನ್ನೊಂದು ವಿಷಯ, ಆ ಚಿತ್ರದಲ್ಲಿ ಮಿದುಳೂ ಹೊಳೆಯುತ್ತದೆ. ಅದಕ್ಕೂ ಗ್ಲೂಕೋಸ್ ಬೇಕೇ ಬೇಕು.

ಹಾಗಾದರೆ ಊಟ ಬಿಟ್ಟರೆ ಗಡ್ಡೆಗೂ ಉಪವಾಸ ಆಗಬೇಕಲ್ಲ? ಆಗಲ್ಲ. ಒಂದು ಲೆಕ್ಕ ಮಾಡೋಣ. ದೊಡ್ಡವರಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. 100 ಮಿ.ಲೀ.ಗೆ 90 ಮಿ.ಗ್ರಾಂ ಗ್ಲೂಕೋಸ್ ಅಂದರೆ ಒಟ್ಟು ನಾಲ್ಕೂವರೆ ಗ್ರಾಂ. ಒಂದು ಚಿಕ್ಕ ಚಮಚದಷ್ಟು! ಆ ಒಂದು ಚಮಚ ಕಡಿಮೆಯಾಗದ ಹಾಗೆ ಶರೀರ ಸದಾ ಕಾಯುತ್ತಿರುತ್ತದೆ. ಊಟ ಸಿಗದಿದ್ದರೆ ಯಕೃತ್ತು, ಅಂದರೆ ಲಿವರ್, ತನ್ನ ದಾಸ್ತಾನನ್ನು ಬಿಡುತ್ತದೆ. ಆ ದಾಸ್ತಾನು ಹೆಚ್ಚುಕಡಿಮೆ ಒಂದು ದಿನಕ್ಕೆ ಮುಗಿಯುತ್ತದೆ. ಆಮೇಲೆ ಸ್ನಾಯುಗಳನ್ನು ಕರಗಿಸಿ, ಅದರ ಪ್ರೋಟೀನಿನಿಂದ ಹೊಸದಾಗಿ ಗ್ಲೂಕೋಸ್ ತಯಾರು ಮಾಡುತ್ತದೆ. ಗಡ್ಡೆ ಅದರಲ್ಲೂ ಪಾಲು ತೆಗೆದುಕೊಳ್ಳುತ್ತದೆ. ಅಂದರೆ ಉಪವಾಸ ಬಿದ್ದದ್ದು ಅಜ್ಜಿಯ ತೋಳು ತೊಡೆಗಳೇ ಹೊರತು ಗಡ್ಡೆಯಲ್ಲ. ಮೊದಲೇ ಈ ಕಾಯಿಲೆ ಹಸಿವನ್ನು ಕೆಡಿಸಿ ಸ್ನಾಯು ಕರಗಿಸುತ್ತದೆ. ಅದರ ಜೊತೆ ನಾವೂ ಸೇರಿಕೊಂಡಂತಾಯಿತು. ಸ್ನಾಯು ಕರಗಿದವರಿಗೆ ಕೀಮೋ ತಡೆದುಕೊಳ್ಳುವ ಶಕ್ತಿ ಕಡಿಮೆ.

ಬೊಜ್ಜು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಅತಿಯಾದ ಬೊಜ್ಜಿನಿಂದ ದೊಡ್ಡ ಕರುಳಿನದೂ ಸೇರಿ 13 ಬಗೆಯ ಕ್ಯಾನ್ಸರ್ ಬರುವ ಸಂಭವ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಜ್ಞಾನಿಗಳು 2016ರಲ್ಲಿ ತಿಳಿಸಿದರು. ಆದರೆ ಚಿಕಿತ್ಸೆ ನಡೆಯುವಾಗ ಹಸಿದುಕೊಂಡು ಇಳಿಯುವುದು ಬೇರೆ ಮಾತು.

ಹಾಗಂತ ಸಕ್ಕರೆ ಎಷ್ಟಾದರೂ ಏರಲಿ ಅಂತ ಬಿಡುವ ಹಾಗೂ ಇಲ್ಲ. ಕೀಮೋ ಜೊತೆ ವಾಂತಿ ನಿಲ್ಲಲು ಸಾಮಾನ್ಯವಾಗಿ ಸ್ಟಿರಾಯ್ಡ್ ಔಷಧಿ ಕೊಡುತ್ತಾರೆ. ಅದರಿಂದ ರಕ್ತದ ಸಕ್ಕರೆ ಏರುತ್ತದೆ. ಕೀಮೋದಿಂದ ಬಿಳಿ ರಕ್ತಕಣಗಳೂ ಇಳಿದಿರುತ್ತವೆ. ಎರಡೂ ಸೇರಿದರೆ ಸೋಂಕು ಬೇಗ ತಗಲುತ್ತದೆ. ಅದಕ್ಕೇ ಈಗ ಸಿಸ್ಟರು ಬಂದು ಬೆರಳು ಚುಚ್ಚಿ ನೋಡುತ್ತಾರೆ, ಅಂಕಿಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಡಾಕ್ಟರು ಅದನ್ನು ನೋಡಿ ಮಾತ್ರೆ ಹೆಚ್ಚು ಕಡಿಮೆ ಮಾಡುತ್ತಾರೆ.

ಊಟವೂ ಬದಲಾಗಿದೆ. ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕಂತೆ. 44 ಕೆ.ಜಿ.ಗೆ ಎಷ್ಟು ಅಂತ ನೀವೇ ಗುಣಿಸಿ ನೋಡಿ. (ಮೂತ್ರಪಿಂಡದ ತೊಂದರೆ ಇದ್ದವರಿಗೆ ಲೆಕ್ಕ ಬೇರೆ, ಡಾಕ್ಟರನ್ನು ಕೇಳಬೇಕು.) ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಹಾಲು, ಮೊಸರು, ಹುರುಳಿಕಟ್ಟಿನ ಸಾರು, ಅವರೆಕಾಳು ಎಲ್ಲ ಲೆಕ್ಕಕ್ಕೆ ಬರುತ್ತವೆ. ಒಂದೇ ಸಲ ತಿನ್ನಲು ಆಗದ್ದರಿಂದ ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಕೊಡುತ್ತೇವೆ. ಮುದ್ದೆಯೂ ಉಂಟು, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು.

ತಿಂದದ್ದು ಸ್ನಾಯುವಾಗಬೇಕಾದರೆ ನಡೆಯಬೇಕು. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಮತ್ತು ಕೀಮೋ ಮುಗಿಸಿದ 889 ಜನರ ಮೇಲೆ ಕೆನಡಾ, ಆಸ್ಟ್ರೇಲಿಯಾ ಮುಂತಾದ ಕಡೆ ನಡೆದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಮೂರು ವರ್ಷ ಕ್ರಮವಾಗಿ ವ್ಯಾಯಾಮ ಮಾಡಿಸಿದವರ ಗುಂಪಿನಲ್ಲಿ ಐದು ವರ್ಷದ ನಂತರ ರೋಗ ಮರುಕಳಿಸದೆ ಬದುಕಿದ್ದವರು ನೂರಕ್ಕೆ 80. ಬರೀ ತಿಳುವಳಿಕೆ ಪುಸ್ತಕ ಕೊಟ್ಟ ಗುಂಪಿನಲ್ಲಿ 74. ಅಜ್ಜಿಗೆ ಕೀಮೋ ಇನ್ನೂ ಮುಗಿದಿಲ್ಲ. ಆದರೂ ಡಾಕ್ಟರು ಆಗುವಷ್ಟು ನಡೆಯಿರಿ ಅಂದಿದ್ದಾರೆ. ಸಂಜೆ ನಾನು ಕೈ ಹಿಡಿದು ಅರಳಿಕಟ್ಟೆವರೆಗೆ ಕರೆದುಕೊಂಡು ಹೋಗುತ್ತೇನೆ. ಕೀಮೋ ಆದ ಮೂರು ದಿನ ಮಾತ್ರ ಅಂಗಳದಲ್ಲೇ.

ಹೋದ ಶನಿವಾರ ತೂಕ 46 ಕೆ.ಜಿ. ಬಂತು. ಎರಡನೇ ಕೀಮೋ ಹಾಕಿದರು, ಇನ್ನೂ ನಾಲ್ಕು ಇವೆ. ಹಬ್ಬದ ದಿನ ಅಜ್ಜಿ ಹೋಳಿಗೆ ಕೇಳಿದರು. ಸಿಸ್ಟರು, "ಊಟದ ಜೊತೆ ಅರ್ಧ ತಿನ್ನಿ ಅಜ್ಜಿ, ಅಷ್ಟಕ್ಕೇನೂ ಆಗಲ್ಲ" ಅಂದರು. ಇನ್ನರ್ಧ ನಾನು ತಿಂದೆ.