ಹೆಂಟೆಯನ್ನು ನೀರಿಗೆ ಹಾಕಿ ನೋಡಿ



ರಾಗಿ ಬಿತ್ತಿದ ಎರಡು-ಮೂರು ದಿನಗಳಲ್ಲಿ ಬಿರುಸು ಮಳೆ ಬಂದು, ಮರುದಿನದಿಂದ ಬಿಸಿಲು ಕಾಯ್ದರೆ ಕೆಂಪು ಮಣ್ಣಿನ ಹೊಲದಲ್ಲಿ ಏನಾಗುತ್ತದೆಂಬುದನ್ನು ನೀವು ಬಲ್ಲಿರಿ. ನೆಲದ ಮೇಲೆ ಹಪ್ಪಳದಂತಹ ಗಟ್ಟಿ ಪದರ ಕಟ್ಟಿಕೊಳ್ಳುತ್ತದೆ. ಮೊಳಕೆ ಅದರ ಕೆಳಗೇ ಮುರುಟಿ ಸಾಯುತ್ತದೆ. ಬಹಳ ಜನ ಬೀಜವನ್ನು ದೂರುತ್ತಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ದೂರುವ ಮೊದಲು ಒಂದು ಪರೀಕ್ಷೆ ಮಾಡಿ. ಇದಕ್ಕೆ ಕಾಸಿನ ಖರ್ಚಿಲ್ಲ.

ಹೊಲದ ನಡುವಿನಿಂದ ನಿಂಬೆಹಣ್ಣಿನ ಗಾತ್ರದ ಒಂದು ಹೆಂಟೆ ತೆಗೆಯಿರಿ. ಬದುವಿನ ಹೊಂಗೆ ಮರದ ಬುಡದಿಂದ, ನೇಗಿಲು ತಾಗದ ಕಡೆಯಿಂದ, ಅಷ್ಟೇ ಗಾತ್ರದ ಇನ್ನೊಂದನ್ನು ತನ್ನಿ. ಎರಡನ್ನೂ ನೆರಳಿನಲ್ಲಿ ಚೆನ್ನಾಗಿ ಒಣಗಿಸಿ, ನೀರು ತುಂಬಿದ ಎರಡು ಗಾಜಿನ ಲೋಟಗಳಲ್ಲಿ ಮೆಲ್ಲನೆ ಬಿಡಿ. ಹೊಲದ ಹೆಂಟೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕುಸಿದು ರಾಡಿಯಾಗುತ್ತದೆ. ಹೊಂಗೆಯ ಬುಡದ್ದು ಬಹುಮಟ್ಟಿಗೆ ಹಾಗೆಯೇ ಕುಳಿತಿರುತ್ತದೆ.

ಮಣ್ಣು ಒಂದೇ, ಮಳೆ ಒಂದೇ. ವ್ಯತ್ಯಾಸವಿರುವುದು ಸಾವಯವ ಪದಾರ್ಥದಲ್ಲಿ. ಎಲೆ, ಬೇರು, ಗೊಬ್ಬರಗಳನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಒಂದು ಬಗೆಯ ಅಂಟನ್ನು ಸ್ರವಿಸುತ್ತವೆ. ಶಿಲೀಂಧ್ರಗಳ ನೂಲಿನಂತಹ ಎಳೆಗಳು ಮರಳು ಮತ್ತು ಜೇಡಿಯ ಕಣಗಳನ್ನು ಸುತ್ತಿ ಹಿಡಿಯುತ್ತವೆ. ಹೀಗೆ ಆದ ಹರಳುಗಳ ನಡುವಿನ ಸಂದುಗಳಲ್ಲಿ ನೀರು ಇಳಿಯುತ್ತದೆ, ಬೇರು ಉಸಿರಾಡುತ್ತದೆ. ಅಂಟಿಲ್ಲದ ಮಣ್ಣು ಮಳೆಹನಿಯ ಹೊಡೆತಕ್ಕೆ ಪುಡಿಯಾಗಿ, ಆ ಪುಡಿಯೇ ಸಂದುಗಳನ್ನು ಮುಚ್ಚುತ್ತದೆ. ಒಣಗಿದಾಗ ಅದೇ ಹಪ್ಪಳ. ಮುಂದಿನ ಮಳೆಯ ನೀರು ಒಳಗಿಳಿಯದೆ ಹರಿಯುತ್ತದೆ; ನೀವು ಹಣ ಕೊಟ್ಟು ತಂದ ಗೊಬ್ಬರವೂ ಮೇಲ್ಮಣ್ಣಿನೊಡನೆ ಊರ ಕೆರೆ ಸೇರುತ್ತದೆ. ಕೆರೆಯಲ್ಲಿ ಹೂಳು, ಬಾವಿಯಲ್ಲಿ ನೀರಿಲ್ಲ.

ನಿಮ್ಮ ಮಣ್ಣು ಪರೀಕ್ಷೆಯ ಚೀಟಿಯಲ್ಲಿ 'ಸಾವಯವ ಇಂಗಾಲ' ಎಂಬ ಸಾಲನ್ನು ನೋಡಿ. ಶೇ. 0.5ಕ್ಕಿಂತ ಕಡಿಮೆಯಿದ್ದರೆ ಕೊರತೆ, 0.75ಕ್ಕಿಂತ ಹೆಚ್ಚಿದ್ದರೆ ಉತ್ತಮ. ಒಂದು ವರ್ಷ ಗೊಬ್ಬರ ಹಾಕಿ ಈ ಅಂಕಿ ಏರಲಿಲ್ಲವೆಂದು ಬೇಸರಪಡಬೇಡಿ. ಎಕರೆಯ 15 ಸೆಂ.ಮೀ. ಆಳದ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಅದರಲ್ಲಿ ಶೇ. 0.1ರಷ್ಟು ಏರಿಕೆಯೆಂದರೆ 900 ಕಿಲೋ ಇಂಗಾಲ. 4 ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಅರ್ಧ ನೀರೇ ಇರುತ್ತದೆ. ಉಳಿದುದರಲ್ಲಿಯೂ ಬಹುಪಾಲು ಇಂಗಾಲ ನಮ್ಮ ಬಿಸಿಲಿಗೆ ಬೇಗ ಗಾಳಿ ಸೇರುತ್ತದೆ.

ಹಾಗೆಂದು ಕೈಬಿಡುವಂತಿಲ್ಲ. ಬೆಂಗಳೂರಿನ ಜಿ.ಕೆ.ವಿ.ಕೆ.ಯಲ್ಲಿ 1978ರಲ್ಲಿ ಆರಂಭವಾದ ದೀರ್ಘಕಾಲದ ಮಳೆಯಾಶ್ರಿತ ರಾಗಿ ಪ್ರಯೋಗದಲ್ಲಿ, ಬರಿಯ ರಸಗೊಬ್ಬರ ಕೊಟ್ಟ ತಾಕುಗಳ ಇಳುವರಿ ವರ್ಷಗಳು ಕಳೆದಂತೆ ಇಳಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವನ್ನೂ ಶಿಫಾರಸಿನ ರಸಗೊಬ್ಬರವನ್ನೂ ಕೂಡಿಸಿ ಕೊಟ್ಟ ತಾಕುಗಳು ಮುಂದೆ ನಿಂತವು. ಇದರಲ್ಲಿ ಯಾವುದಾದರೂ ಒಂದೇ ಸಾಕೆನ್ನುವವರ ಮಾತನ್ನು ನಾನು ಒಪ್ಪಲಾರೆ.

'ಅಷ್ಟು ಗೊಬ್ಬರಕ್ಕೆ ದನ ಎಲ್ಲಿವೆ ಸ್ವಾಮಿ?' ಎಂದು ನೀವು ಕೇಳುವುದು ನ್ಯಾಯವೇ. ಇದ್ದಷ್ಟನ್ನು ಹೊಲದಲ್ಲಿ ಗುಡ್ಡೆ ಹಾಕಿ ಒಣಗಿಸದೆ, ಹರಡಿದ ದಿನವೇ ಮಣ್ಣಿಗೆ ಸೇರಿಸಿ. ಮೇ ತಿಂಗಳ ಮಳೆಗೆ ಅಪ್ಸೆಣಬು ಅಥವಾ ಹುರುಳಿ ಚೆಲ್ಲಿ, ಹೂ ಬಿಡುವ ಹೊತ್ತಿಗೆ ಉತ್ತು ಮುಚ್ಚಿ. ಅದು ಕೊಳೆಯಲು ಎರಡು ವಾರ ಬಿಟ್ಟು ಜುಲೈನಲ್ಲಿ ರಾಗಿ ಬಿತ್ತಬಹುದು. ಬದುವಿನ ಮೇಲೆ ಗೊಬ್ಬರದ ಗಿಡ ನೆಟ್ಟರೆ ವರ್ಷವೂ ಸೊಪ್ಪು ಸಿಗುತ್ತದೆ. ರೋಟವೇಟರನ್ನು ಮೇಲಿಂದ ಮೇಲೆ ಹೊಡೆಸಿ ಮಣ್ಣನ್ನು ಹಿಟ್ಟು ಮಾಡಿಸಬೇಡಿ.

ಈ ವರ್ಷವೇ ಹಪ್ಪಳ ಕಟ್ಟಿದರೆ, ನೆಲದಲ್ಲಿ ಇನ್ನೂ ಹದವಿರುವಾಗಲೇ ಮುಳ್ಳುಕೊಂಬೆಯನ್ನು ಹಗುರವಾಗಿ ಎಳೆದು ಪದರವನ್ನು ಒಡೆಯಿರಿ. ಪೂರ್ತಿ ಒಣಗಿದ ಮೇಲೆ ಎಳೆದರೆ ಬಿಲ್ಲೆ ಬಿಲ್ಲೆಯಾಗಿ ಎದ್ದು ಮೊಳಕೆಗಳನ್ನೂ ಕಿತ್ತುಬಿಡುತ್ತದೆ.