ಹಳೇ ಡಬ್ಬಿಗೆ ಹೊಸ ಕುದುರೆ

ಸಾಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್‌ಬುಕ್ಕು, ಸೊಸೈಟಿಯ ವಾರ್ಷಿಕ ವರದಿ, ಇಂಥವೇ ಕೆಲಸ. ಇಪ್ಪತ್ತು ವರ್ಷ ನುಡಿ ತಂತ್ರಾಂಶದ ಎದುರು ಕೂತವನಿಗೆ ಕಂಪ್ಯೂಟರೆಂದರೆ ತನಗೆ ಗೊತ್ತು ಎಂಬ ಜಂಬ ತಾನಾಗಿ ಬಂದುಬಿಡುತ್ತದೆ. ಅದು ಇಳಿಯಲು ಒಂದು ಮಳೆಗಾಲವೂ 21,550 ರೂಪಾಯಿಯೂ ಬೇಕಾದವು.

2023ರಲ್ಲಿ ಅಂಗಡಿಗೆ ಹೊಸ ಯಂತ್ರ ಬಂದಾಗ ಹಳೆಯದು ಮನೆ ಸೇರಿತು. ಬೆಂಗಳೂರಿನ ಯಾವುದೋ ಆಫೀಸಿನಲ್ಲಿ ಲೀಸ್ ಮುಗಿಸಿ ಬಂದಿದ್ದ ಕಪ್ಪು ಡಬ್ಬಿ. ಒಳಗೆ 2014ರ ಇಂಟೆಲ್ ಐ5-4590, 8 ಜಿಬಿಯ ಒಂದೇ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕು. ಅದರಲ್ಲಿ ರೆಡ್ ಡೆಡ್ ರಿಡೆಂಪ್ಷನ್ 2 ಆಡಬೇಕೆಂದು ನನಗೆ ಆಸೆ. 1899ರ ಅಮೆರಿಕದಲ್ಲಿ ನಡೆಯುವ, ಕುದುರೆ ಏರಿದ ದರೋಡೆಕೋರರ ಕಥೆ ಅದು. ಪಿಸಿಗೆ ಬಂದದ್ದು 2019ರ ನವೆಂಬರಿನಲ್ಲಿ. ಪ್ರೊಸೆಸರ್ ಕನಿಷ್ಠ ಐ5-2500ಕೆ ಇರಲಿ ಎಂದಿತ್ತು ಆಟದ ಪಟ್ಟಿ. ನನ್ನದು ಅದಕ್ಕಿಂತ ಎರಡು ತಲೆಮಾರು ಈಚಿನದು. ಇನ್ನೇನು, ಒಂದು ಗ್ರಾಫಿಕ್ಸ್ ಕಾರ್ಡ್ ಕೂರಿಸಿದರೆ ಆಯಿತು ಎಂದುಕೊಂಡೆ.

ಹೆಂಚಿನ ಮನೆಯಲ್ಲಿ ಬೆಳೆದವನಿಗೆ ಮೊದಲೇ ಹೊಳೆಯಬೇಕಿತ್ತು. ಒಡೆದ ಒಂದು ಹೆಂಚು ಬದಲಿಸಲು ಮಾಡು ಹತ್ತಿದರೆ ಕಾಲಡಿಯಲ್ಲಿ ಇನ್ನೂ ನಾಲ್ಕು ಒಡೆಯುತ್ತವೆ.

ಕಾರ್ಡು ಹುಡುಕಿಕೊಂಡು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರು ಬೋರ್ಡುಗಳಿಗೆ ಮಾತ್ರ ಬೇಕು, ಆಟೋದವರಿಗೆ ಬೇಡ. ಒಂದು ಮಳಿಗೆಯಲ್ಲಿ ಆರ್‌ಎಕ್ಸ್ 580 ಕಾರ್ಡುಗಳು ಸೀಗೆಕಾಯಿ ಮೂಟೆಯ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಈಥೀರಿಯಂ ಎಂಬ ಕ್ರಿಪ್ಟೋ ಜಾಲ ತನ್ನ ಲೆಕ್ಕದ ಪದ್ಧತಿಯನ್ನೇ ಬದಲಿಸಿ, ಕಾರ್ಡಿನಿಂದ ಅದರ ನಾಣ್ಯ ಗಣಿಗಾರಿಕೆ ಮಾಡುವ ದಂಧೆ ನಿಂತಿತ್ತು. ಹಗಲೂ ರಾತ್ರಿ ದುಡಿದ ಕಾರ್ಡುಗಳೆಲ್ಲ ಸೆಕೆಂಡ್ಸ್ ಮಾರುಕಟ್ಟೆಗೆ ಬಂದು ಬಿದ್ದಿದ್ದವು. ಕೈ ಅತ್ತಲೇ ಹೋಯಿತು. ಅಂಗಡಿಯ ಹುಡುಗ ಮಾತ್ರ ಪುಣ್ಯಾತ್ಮ. "ಸರ್, ನಿಮ್ಮ ಸಪ್ಲೈ ಎಷ್ಟು ವ್ಯಾಟ್?" ಎಂದು ಕೇಳಿದ. ಗೊತ್ತಿರಲಿಲ್ಲ. ಊರಿಗೆ ಫೋನು ಮಾಡಿ ಮಗಳಿಂದ ಡಬ್ಬಿ ತೆಗೆಸಿ ಓದಿಸಿದೆ. 290. ಆರ್‌ಎಕ್ಸ್ 580 ಒಂದೇ 185 ವ್ಯಾಟ್ ಕೇಳುತ್ತದೆ, ಜೊತೆಗೆ ಪವರ್ ಸಪ್ಲೈನಿಂದ ಪ್ರತ್ಯೇಕ ಕೇಬಲ್ ಬೇಕು. ನನ್ನ ಡಬ್ಬಿಯಲ್ಲಿ ಅಂಥ ಕೇಬಲ್ಲೇ ಇಲ್ಲ. ಸಪ್ಲೈ ಬದಲಿಸೋಣವೆಂದರೆ, ಸಾಮಾನ್ಯ ಮದರ್‌ಬೋರ್ಡುಗಳಿಗೆ 24 ಪಿನ್ ಇರುವಲ್ಲಿ ಇದಕ್ಕೆ 8 ಪಿನ್. ಆಫೀಸಿಗೆಂದೇ ಮಾಡಿದ ಯಂತ್ರಗಳ ಹಣೆಬರಹವೇ ಇದು, ಹೊರಗಿನ ಭಾಗಗಳು ಸುಲಭಕ್ಕೆ ಕೂರುವುದಿಲ್ಲ.

ಅಂದರೆ ಮದರ್‌ಬೋರ್ಡಿನ ಸ್ಲಾಟು ಕೊಡುವ 75 ವ್ಯಾಟಿನಲ್ಲೇ ಹೊಟ್ಟೆ ಹೊರೆಯುವ ಕಾರ್ಡು ಬೇಕು. ಜಿಟಿಎಕ್ಸ್ 1050 ಟಿಐ ಅಥವಾ 1650. ಆ ದಿನ ಎರಡೂ ಸಿಗಲಿಲ್ಲ. ಬರಿಗೈಲಿ ವಾಪಸು ಬಂದವನಿಗೆ ವಾರದೊಳಗೆ ಆನ್‌ಲೈನಿನಲ್ಲಿ 1050 ಟಿಐ 4,200ಕ್ಕೆ ಕಂಡಿತು. ಫೋಟೋದಲ್ಲಿ ವಿಜಿಎ ಕಿಂಡಿಯೂ ಇತ್ತು. ನನ್ನ ಹಳೇ ಮಾನಿಟರಿಗೆ ಇರುವುದೂ ಅದೊಂದೇ. ದೇವರೇ ಜೋಡಿ ಮಾಡಿ ಕಳಿಸಿದ್ದಾನೆ ಎಂದು ಹಿಗ್ಗಿದೆ.

ಆ ಕಿಂಡಿಯೇ ಮೋಸದ ಗುರುತಾಗಿತ್ತು. 10 ಸರಣಿಯ ಚಿಪ್ಪುಗಳಿಂದ ವಿಜಿಎ ಸಂಕೇತ ಹೊರಡುವುದೇ ಇಲ್ಲ, ಎನ್‌ವಿಡಿಯಾ ಅದನ್ನು ಆ ಪೀಳಿಗೆಯಲ್ಲಿ ಕೈಬಿಟ್ಟಿತ್ತು. ಕಾರ್ಡು ಬಂತು, ಕೂರಿಸಿದೆ, ಪರದೆ ಬೆಳಗಿತು. ಎನ್‌ವಿಡಿಯಾ ತಾಣದಿಂದ ಇಳಿಸಿಕೊಂಡ ಡ್ರೈವರ್ ಒಗ್ಗಲಿಲ್ಲ, ಡಬ್ಬದಲ್ಲಿದ್ದ ಸಿಡಿಯ ಡ್ರೈವರ್ ಒಗ್ಗಿತು. ಆಗಲೂ ನನಗೆ ಅನುಮಾನ ಬರಲಿಲ್ಲ ನೋಡಿ. ಆಟ ಮಾತ್ರ ತೆರೆಯಲೇ ಒಲ್ಲೆನೆಂದಿತು. ಎರಡು ದಿನ ಒದ್ದಾಡಿ ಕೊನೆಗೆ ಜಿಪಿಯು-ಝಡ್ ಎಂಬ ಪುಟ್ಟ ತಂತ್ರಾಂಶ ಹಾಕಿದೆ. ಕಾರ್ಡಿನ ಹೆಸರಿನ ಹಿಂದೆಯೇ 'ಫೇಕ್' ಎಂದು ಬರೆದು ತೋರಿಸಿತು. ಒಳಗಿದ್ದದ್ದು 2010ರ ಫರ್ಮಿ ಪೀಳಿಗೆಯ ಚಿಪ್ಪು. ಹೆಸರು ಬರೆದಿಟ್ಟ ಬಯೋಸ್ ತಿದ್ದಿ ಅದನ್ನು 1050 ಟಿಐ ಮಾಡಿದ್ದರು. ರೆಡ್ ಡೆಡ್ ಬಳಸುವ ವಲ್ಕನ್ ಎಂಬ ಗ್ರಾಫಿಕ್ಸ್ ಭಾಷೆ ಆ ಚಿಪ್ಪಿಗೆ ಗೊತ್ತೇ ಇಲ್ಲ. ಮಾರಿದವನ ಫೋನು ಅಷ್ಟರಲ್ಲಿ ಸ್ವಿಚ್ಡ್ ಆಫ್.

ಎರಡನೇ ಸಲ ಬೆಂಗಳೂರಿಗೇ ಹೋಗಿ, ಅದೇ ಹುಡುಗನ ಅಂಗಡಿಯಲ್ಲಿ, ಕಣ್ಣೆದುರು ಓಡಿಸಿ ನೋಡಿ 1650 ತಂದೆ. 6,800 ರೂಪಾಯಿ. ಅದರಲ್ಲೂ ಕೆಲವು ಮಾದರಿಗಳಿಗೆ 6 ಪಿನ್ ಕೇಬಲ್ ಬೇಕು, ಬೇಡದ್ದನ್ನೇ ಆರಿಸಿದೆ. ಮನೆಯಲ್ಲಿ ಕೂರಿಸಿ ಸ್ವಿಚ್ ಒತ್ತಿದರೆ ಪರದೆ ಕಪ್ಪು. ರ‍್ಯಾಮ್ ಬಿಚ್ಚಿ ಅದರ ಚಿನ್ನದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ನಮ್ಮ ಕಡೆ ಕಂಪ್ಯೂಟರಿನ ಸಕಲ ರೋಗಕ್ಕೂ ಅದೇ ಮೊದಲ ಮದ್ದು. ಕಾರ್ಡನ್ನು ಮೂರು ಸಲ ತೆಗೆದು ಹಾಕಿದೆ. ಒಂದು ಗಂಟೆ ಕಳೆಯಿತು. ಟ್ಯೂಶನ್ನಿಂದ ಬಂದ ಮಗಳು ಹಿಂದುಗಡೆ ಬಗ್ಗಿ ನೋಡಿ, "ಅಪ್ಪಾ, ಕೇಬಲ್ಲು ಹಳೇ ಜಾಗದಲ್ಲೇ ಇದೆಯಲ್ಲ?" ಎಂದಳು. ಮಾನಿಟರಿನ ತಂತಿ ಇನ್ನೂ ಮದರ್‌ಬೋರ್ಡಿಗೇ ಚುಚ್ಚಿಕೊಂಡಿತ್ತು.

ಅಸಲಿ ಕಾರ್ಡಿಗೆ ವಿಜಿಎ ಇಲ್ಲವಾದ್ದರಿಂದ 350 ರೂಪಾಯಿಯ ಎಚ್‌ಡಿಎಂಐ ಕನ್ವರ್ಟರ್ ತಂದೆ. ಹೊಸ ಮಾನಿಟರ್ ಕೊಳ್ಳದಿದ್ದದ್ದು ಜಿಪುಣತನಕ್ಕೆ, ಆದರೆ ಈ ಇಡೀ ಸಾಹಸದಲ್ಲಿ ನಾನು ಮಾಡಿದ ಅತ್ಯಂತ ಬುದ್ಧಿವಂತ ಕೆಲಸ ಅದೇ. ನನ್ನ ಮಾನಿಟರು 1366×768ರದ್ದು, ಸುಮಾರು ಹತ್ತೂವರೆ ಲಕ್ಷ ಚುಕ್ಕಿ. ಈಗ ಎಲ್ಲರೂ ಹೇಳುವ 1080ಪಿಯಲ್ಲಿ ಇಪ್ಪತ್ತು ಲಕ್ಷಕ್ಕೂ ಮೇಲೆ. ಪ್ರತಿ ಚಿತ್ರಕ್ಕೂ ಕಾರ್ಡು ಬಣ್ಣ ಬಳಿಯಬೇಕಾದ ಗೋಡೆ ಅರ್ಧಕ್ಕೆ ಇಳಿದಂತಾಯಿತು.

ಆಟ ಓಡಿತು. ಹಿಮದ ಬೆಟ್ಟ, ಕುದುರೆಯ ಬಾಯಿಂದ ಹೊರಡುವ ಹಬೆ, ಎಲ್ಲ ಕಂಡಾಗ ಖರ್ಚು ಮರೆತೇಹೋಯಿತು. ಬಯಲಿನಲ್ಲಿ ಸವಾರಿ ಹಾಲು ಕುಡಿದಷ್ಟು ಸಲೀಸು. ಕಷ್ಟ ಶುರುವಾದದ್ದು ಸೇಂಟ್ ಡೆನಿ ಎಂಬ ಪಟ್ಟಣಕ್ಕೆ ಬಂದಾಗ. ನ್ಯೂ ಆರ್ಲಿಯನ್ಸ್ ಹೋಲುವ ಊರು; ಟ್ರಾಮು, ಜಟಕಾಗಾಡಿ, ಜನಜಂಗುಳಿ. ಅಲ್ಲಿ ಕುದುರೆ ಎರಡು ಹೆಜ್ಜೆ ಹಾಕಿ ನಿಲ್ಲುವುದು, ಮತ್ತೆ ಜಿಗಿಯುವುದು. ನನ್ನ ತಲೆಗೆ ತೋಚಿದ್ದು ಒಂದೇ: ನೆರಳು ತಗ್ಗಿಸು, ಹುಲ್ಲು ತಗ್ಗಿಸು, ನೀರು ತಗ್ಗಿಸು. ಎಲ್ಲವನ್ನೂ ತಗ್ಗಿಸಿದರೂ ತೊದಲು ಹೋಗಲಿಲ್ಲ.

ಕಾರ್ಡು ಚಿಕ್ಕದಾಯಿತು ಎಂದು ಇನ್ನೊಂದನ್ನು ಹುಡುಕಲು ಹೊರಟಿದ್ದೆ. ಅಷ್ಟರಲ್ಲಿ ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿ ಪರದೆಯ ಮೂಲೆಯಲ್ಲಿ ಅಂಕಿ ಮೂಡಿಸಿಕೊಂಡದ್ದು ಒಳ್ಳೆಯದಾಯಿತು. ಪಟ್ಟಣದ ನಡುವೆ ಕಾರ್ಡಿನ ಕೆಲಸ 60 ಪ್ರತಿಶತ. ಪ್ರೊಸೆಸರಿನದು 100. ಕಾರ್ಡು ಖಾಲಿ ಕೈ ಹೊಸೆಯುತ್ತ ಕೂತಿದೆ; ಮುಂದಿನ ಚಿತ್ರದಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾವ ಗಾಡಿ ಎತ್ತ ತಿರುಗಬೇಕು ಎಂಬ ಲೆಕ್ಕ ಪ್ರೊಸೆಸರಿನಿಂದ ಬರುವುದನ್ನು ಕಾಯುತ್ತಿದೆ. ಬಾಣಸಿಗ ಅನ್ನ ಬಸಿಯದೆ ಬಡಿಸುವವರನ್ನು ಬೈದರೆ ಏನು ಬಂತು? ಚಿತ್ರದ ಗುಣಮಟ್ಟ ತಗ್ಗಿಸಿಯೂ ವೇಗ ಏರಲಿಲ್ಲವೆಂದರೆ ಅಡಚಣೆ ಕಾರ್ಡಿನದಲ್ಲ. ಯಾವ ತಂತ್ರಾಂಶವೂ ಬೇಡದ ಈ ಪರೀಕ್ಷೆಯನ್ನು ನಾನು ಗೊತ್ತಿಲ್ಲದೆ ಆಗಲೇ ಮಾಡಿ ಮುಗಿಸಿದ್ದೆ, ಉತ್ತರ ಓದಲು ಬರಲಿಲ್ಲ ಅಷ್ಟೆ.

ಐ5-4590ರಲ್ಲಿ ನಾಲ್ಕು ಕೋರು, ನಾಲ್ಕೇ ಥ್ರೆಡ್ಡು. ಅದೇ ಸಾಕೆಟ್ಟಿಗೆ ಕೂರುವ ಐ7-4770ರಲ್ಲಿ ಕೋರು ಅಷ್ಟೇ, ಥ್ರೆಡ್ಡು ಎಂಟು. ವಿದ್ಯುತ್ತೂ ಅದರಷ್ಟೇ, 84 ವ್ಯಾಟ್. ಆಟದ ಪಟ್ಟಿಯನ್ನು ಮತ್ತೆ ತೆಗೆದು ನೋಡಿದರೆ, ಕನಿಷ್ಠದ ಕೆಳಗೆ ಶಿಫಾರಸು ಮಾಡಿದ ಪ್ರೊಸೆಸರು ಅದರ ಅಣ್ಣ 4770ಕೆ. ಮೊದಲ ದಿನವೇ ಆ ಸಾಲು ಅಲ್ಲೇ ಇತ್ತು. 3,800 ಕೊಟ್ಟು ತರಿಸಿದೆ. ಹಳೆಯದನ್ನು ತೆಗೆಯಲು ಫ್ಯಾನ್ ಬಿಚ್ಚಿದಾಗ ಥರ್ಮಲ್ ಪೇಸ್ಟು ಅಜ್ಜಿಯ ಸುಣ್ಣದ ಡಬ್ಬಿಯ ತಳದ ಹಾಗೆ ಒಣಗಿ ಪುಡಿಯಾಗಿತ್ತು. ಬಿಸಿ 100 ಡಿಗ್ರಿ ಮುಟ್ಟಿ, ಪ್ರೊಸೆಸರು ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತಿತ್ತು ಎಂಬುದೂ ಆಗ ಅರ್ಥವಾಯಿತು. 150 ರೂಪಾಯಿಯ ಹೊಸ ಪೇಸ್ಟು, ಒಂದು ಬ್ರಷ್ಷು, ಅಂಗಳದಲ್ಲಿ ಅರ್ಧ ಗಂಟೆ ಧೂಳು ಊದುವುದು. ಈ ಕೆಲಸ ಮೊದಲು ಮಾಡಿದ್ದರೆ ಎಷ್ಟು ಉಳಿಯುತ್ತಿತ್ತೋ!

ಉಳಿದವು ಸಣ್ಣ ಕಥೆಗಳು. ಒಂದೇ ರ‍್ಯಾಮ್ ಇದ್ದಲ್ಲಿ 900 ಕೊಟ್ಟು ಅದರ ಜೋಡಿ ಹಾಕಿದೆ. 16 ಜಿಬಿ ಆಯಿತು ಎನ್ನುವುದಕ್ಕಿಂತ, ಮೆಮೊರಿಗೆ ಒಂದರ ಬದಲು ಎರಡು ದಾರಿ ಸಿಕ್ಕಿದ್ದೇ ಹೆಚ್ಚಿನ ಲಾಭ. ಹಾರ್ಡ್ ಡಿಸ್ಕಿನಲ್ಲಿ ಕುದುರೆ ಮೊದಲು ಬಂದು ಊರು ಆಮೇಲೆ ಬರುತ್ತಿತ್ತು, ಹಾಗಾಗಿ 240 ಜಿಬಿಯ ಎಸ್‌ಎಸ್‌ಡಿ ತಂದೆ. ಆಟಕ್ಕೇ 150 ಜಿಬಿ ಜಾಗ ಬೇಕು. ವಿಂಡೋಸ್ ಸೇರಿದ ಮೇಲೆ ಉಸಿರಾಡಲೂ ಎಡೆಯಿಲ್ಲ. ತಿಂಗಳೊಳಗೆ 500 ಜಿಬಿಯದು. 1,400 ಉಳಿಸಲು ಹೋಗಿ 1,500 ಕಳೆದೆ.

ಯುಪಿಎಸ್ಸಿನದು ಬೇರೆಯೇ ರಗಳೆ. ಆಷಾಢದಲ್ಲಿ ನಮ್ಮಲ್ಲಿ ಕರೆಂಟು ಇರುವ ಹೊತ್ತೇ ಸುದ್ದಿ. ಟೈಪಿಂಗ್ ಕೆಲಸಕ್ಕೆ ಹತ್ತು ನಿಮಿಷ ತಡೆಯುತ್ತಿದ್ದ 600 ವಿಎ ಯುಪಿಎಸ್, ಆಟ ನಡೆಯುವಾಗ ಕರೆಂಟು ಹೋದರೆ ಒಂದು ಸಲ ಕಿರುಚಿ ಮಲಗಿಬಿಡುತ್ತಿತ್ತು. ರೈಲು ದರೋಡೆಯ ನಡುವೆ ಮೂರು ಸಲ ಹೀಗಾದ ಮೇಲೆ 950 ಕೊಟ್ಟು ಬ್ಯಾಟರಿ ಬದಲಿಸಿದೆ.

ಹೆಂಡತಿ ಇದನ್ನೆಲ್ಲ ಕರೆಂಟು ಬಿಲ್ಲಿನ ಹಿಂದೆ ಬರೆದಿಟ್ಟಿದ್ದಳು. ಎಸ್‌ಎಸ್‌ಡಿ ಎರಡನೆಯದು 2,900 ಎಂದು ನನ್ನಿಂದಲೇ ಕೇಳಿ ಕೊನೆಯ ಸಾಲು ತುಂಬಿದಳು. "ಇಷ್ಟಕ್ಕೆ ಇನ್ನೊಂದು ಸ್ವಲ್ಪ ಸೇರಿಸಿದ್ರೆ ಹೊಸದಕ್ಕೇ ಅಡ್ವಾನ್ಸ್ ಆಗ್ತಿತ್ತಲ್ರೀ" ಎಂದಳು. ಹೌದು. ನಕಲಿ ಕಾರ್ಡು, ಚಿಕ್ಕ ಎಸ್‌ಎಸ್‌ಡಿ ಎರಡನ್ನೂ ತೆಗೆದರೆ 15,850ಕ್ಕೆ ಮುಗಿಯುತ್ತಿತ್ತು ಎಂದು ನಾನು ವಾದಿಸಬಹುದಿತ್ತು. ವಾದಿಸಲಿಲ್ಲ. ಈ ಡಬ್ಬಿಗೂ ಮಿತಿ ಇದೆ. ವಿಂಡೋಸ್ 11 ಎಂಟನೇ ತಲೆಮಾರಿಗಿಂತ ಹಳೆಯ ಬಹುತೇಕ ಇಂಟೆಲ್ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ, 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಾನೀಗ ಲಿನಕ್ಸ್ ಹಾಕಿ, ವಿಂಡೋಸ್ ಆಟಗಳನ್ನು ಅದರಲ್ಲಿ ಓಡಿಸುವ ಪ್ರೋಟಾನ್ ಮೂಲಕ ಆಡುತ್ತೇನೆ. ಇಂಡಿಯಾನಾ ಜೋನ್ಸ್‌ನ ಹೊಸ ಆಟಕ್ಕೆ ರೇ ಟ್ರೇಸಿಂಗ್ ಯಂತ್ರಾಂಶ ಕಡ್ಡಾಯ, 1650ರಲ್ಲಿ ಅದಿಲ್ಲ. ಆ ಬಾಗಿಲು ನನಗೆ ಮುಚ್ಚಿದೆ.

ನಕಲಿ ಕಾರ್ಡನ್ನು ಎಸೆಯಲು ಮನಸ್ಸು ಬರಲಿಲ್ಲ. ಬಾವಮೈದನ ಅಡಿಕೆ ಮಂಡಿಯ ಕಂಪ್ಯೂಟರಿನಲ್ಲಿ ಡಿಸ್‌ಪ್ಲೇ ಕೆಟ್ಟಿತ್ತು, ಅದಕ್ಕೆ ಹಾಕಿಕೊಟ್ಟೆ. ವಿಜಿಎ ಕಿಂಡಿ ಅಲ್ಲಿ ಕೆಲಸಕ್ಕೆ ಬಂತು. ಟ್ಯಾಲಿ ತೆರೆದು ಲೆಕ್ಕ ಬರೆಯುವಾಗ ಅವನು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಾನಂತೆ, "ಭಾವ ಗೇಮಿಂಗ್ ಕಾರ್ಡ್ ಹಾಕ್ಕೊಟ್ಟಿದಾರೆ" ಎಂದು.