ಹತ್ತಿ, ಪತ್ತಿ ಮತ್ತು ಮೊದಲ ಓದು

ಆದೋನಿ, ಆಲೂರು, ಹೊಳಗುಂದ ಕಡೆಯ ಕನ್ನಡ ಶಾಲೆಗಳಿಗೆ ಹೊಸದಾಗಿ ಬಂದ ಶಿಕ್ಷಕರಿಗೆ ಮೊದಲೇ ಒಂದು ಮಾತು ಹೇಳಬೇಕು. ಒಂದನೇ ತರಗತಿಗೆ ಬರುವ ಮಗು ಬರಿಗೈಯಲ್ಲಿ ಬರುವುದಿಲ್ಲ. ಐದಾರು ವರ್ಷ ಕೇಳಿದ, ಆಡಿದ ಮಾತೆಲ್ಲ ಅದರ ಜೊತೆಗೇ ಬಂದಿರುತ್ತದೆ. ಓದು ಬೇರು ಬಿಡುವುದು ಆ ಮಾತಿನಲ್ಲೇ.

1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಕನ್ನಡದ ಮನೆಗಳು ಇದ್ದಲ್ಲೇ ಉಳಿದವು. ಹಾಗಾಗಿ ಇಲ್ಲಿನ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಓಣಿಯಲ್ಲಿ ತೆಲುಗು. ಇದರಿಂದ ಮಗು ಗೊಂದಲಕ್ಕೆ ಬೀಳುತ್ತದೆಂದು ಹೆದರಬೇಡಿ.

ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ಓದಿನ ಬಗ್ಗೆ ಒಂದು ಸರಳ ಲೆಕ್ಕ ಮುಂದಿಟ್ಟರು. ಅಕ್ಷರವನ್ನು ಉಚ್ಚಾರಕ್ಕೆ ತರುವ ಶಕ್ತಿಯನ್ನು ಮಾತು ತಿಳಿಯುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದಿ ಅರಿಯುವ ಶಕ್ತಿ. ಗುಣಾಕಾರದಲ್ಲಿ ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ. ಅರ್ಥವಾಗದ ಪಾಠವನ್ನು ಗಡಗಡ ಓದುವ ಮಗುವನ್ನು ನೀವೂ ನೋಡಿರುತ್ತೀರಿ.

ಮೊದಲು ಕಿವಿಯಿಂದ ಶುರುಮಾಡೋಣ. ಆದೋನಿ ಹತ್ತಿಯ ಊರು. ಕನ್ನಡದ ಹತ್ತಿ ತೆಲುಗಿನಲ್ಲಿ ಪತ್ತಿ. ಹಾಲು ಪಾಲು, ಹುಲಿ ಪುಲಿ, ಹಂದಿ ಪಂದಿ. ಎರಡನ್ನೂ ಮಕ್ಕಳ ಬಾಯಲ್ಲಿ ಹೇಳಿಸಿ. ಪಕಾರಕ್ಕೆ ತುಟಿ ಮುಚ್ಚಿ ತೆರೆಯುತ್ತದೆ, ಹಕಾರಕ್ಕೆ ಬರೀ ಉಸಿರು. ಮಾತಿನೊಳಗೆ ಬಿಡಿ ಬಿಡಿ ಸದ್ದುಗಳಿವೆ ಎಂಬುದು ಮಗುವಿಗೆ ಹೊಳೆಯುವುದು ಇಂಥ ಆಟದಲ್ಲಿ. ಎರಡು ಭಾಷೆ ಬಲ್ಲ ಮಗುವಿಗೆ ಈ ಆಟದ ಸಾಮಗ್ರಿ ಮನೆಯಲ್ಲೇ ಇದೆ.

ಆಮೇಲೆ ಕಣ್ಣು. ಚಪ್ಪಾಳೆ ತಟ್ಟಿ ಹೇಳಿದರೆ ‘ಹತ್–ತಿ’ ಎಂದು ಒಡೆಯುತ್ತದೆ, ಬರೆದರೆ ‘ಹ–ತ್ತಿ’. ಕಿವಿಗೆ ಕೇಳಿದ್ದು ಒಂದು, ಹಾಳೆಯ ಮೇಲೆ ಕಾಣುವುದು ಇನ್ನೊಂದು. ಒತ್ತಕ್ಷರದಲ್ಲಿ ಮಕ್ಕಳು ತಡವರಿಸಲು ಇದೂ ಒಂದು ಕಾರಣ. 34 ವ್ಯಂಜನಗಳ ಕಾಗುಣಿತವೇ 400 ರೂಪ ದಾಟುತ್ತದೆ, ಒತ್ತುಗಳು ಅದರ ಮೇಲೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಅಕ್ಷರಗಳ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯುವುದಲ್ಲ ಎಂದು ತೋರಿಸಿತು. ಆದ್ದರಿಂದ ಎರಡನೇ ತರಗತಿಯಲ್ಲಿ ಒತ್ತು ತಪ್ಪಿದ ಮಗುವನ್ನು ದಡ್ಡ ಅನ್ನಬೇಡಿ. ಅದು ಇನ್ನೂ ದಾರಿಯಲ್ಲಿದೆ.

ಇನ್ನು ಅರ್ಥ. ‘ಅವ್ವ ಹತ್ತಿ ಬಿಡಿಸಾಕ ಹೋಗ್ಯಾಳ’ ಎಂದು ಮಗು ಹೇಳುತ್ತದೆ. ಪುಸ್ತಕದಲ್ಲಿ ‘ಅಮ್ಮ ಹತ್ತಿ ಬಿಡಿಸಲು ಹೋಗಿದ್ದಾಳೆ’ ಎಂದಿರುತ್ತದೆ. ತಿದ್ದುವ ಅವಸರ ಬೇಡ. ತನ್ನ ಮಾತು ತಪ್ಪು ಅನ್ನಿಸಿಕೊಂಡ ಮಗು ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದ ಮಗುವಿನ ಪದಸಂಪತ್ತು ಬೆಳೆಯುವುದು ಹೇಗೆ?

ನಾಳೆ ಪುಸ್ತಕ ತೆರೆಯುವ ಮೊದಲು ಹತ್ತು ನಿಮಿಷ ಹೊಲದ ಸುದ್ದಿ ಮಾತಾಡಿಸಿ. ಮಗು ಹೇಳಿದ ಒಂದು ವಾಕ್ಯವನ್ನು ಅದು ಹೇಳಿದ ಹಾಗೇ ಬೋರ್ಡಿನ ಮೇಲೆ ಬರೆದು, ಬೆರಳಿಟ್ಟು ಓದಿಸಿ. ಕೆಳಗೆ ಪುಸ್ತಕದ ವಾಕ್ಯ ಬರೆದು, ಎರಡರಲ್ಲೂ ಇರುವ ಪದ ಯಾವುದು ಎಂದು ಕೇಳಿ. ‘ಹತ್ತಿ’ ಎಂದು ಮಗು ತಾನೇ ತೋರಿಸುತ್ತದೆ. ಅವ್ವನ ಮಾತಿನಿಂದ ಪುಸ್ತಕದ ಮಾತಿಗೆ ಅದು ಇಟ್ಟ ಮೊದಲ ಹೆಜ್ಜೆ ಅದೇ.